ಮೋಡ್ ಬಿಟ್ ಇಲ್ಲದ ಯಂತ್ರ: ಡೇಟಾ ಜನರಲ್ ಎಂವಿ/8000, ಒಂದು ಪ್ರಕರಣ ಅಧ್ಯಯನ

1977ರ ಅಕ್ಟೋಬರ್‌ನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಕಂಪನಿ ವ್ಯಾಕ್ಸ್-11/780 ಎಂಬ ಹೊಸ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಡೆಕ್ ಎಂದೇ ಎಲ್ಲರ ಬಾಯಲ್ಲಿದ್ದ ಈ ಕಂಪನಿ ಆಗ ಮಿನಿಕಂಪ್ಯೂಟರ್ (ಕೋಣೆ ತುಂಬುವ ದೊಡ್ಡ ಯಂತ್ರಗಳಿಗಿಂತ ಸಣ್ಣ, ಅಗ್ಗದ ಕಂಪ್ಯೂಟರ್) ವ್ಯಾಪಾರದ ದೊಡ್ಡಣ್ಣ. ವ್ಯಾಕ್ಸ್ 32 ಬಿಟ್ ಯಂತ್ರ. ಬಿಟ್ ಅಂದರೆ 0 ಅಥವಾ 1, ಅಷ್ಟೇ. ಡೆಕ್ ಇದ್ದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್ ಊರಿನಲ್ಲಿ. ಅದೇ ರಾಜ್ಯದ ವೆಸ್ಟ್‌ಬರೋದಲ್ಲಿ ಅದರ ಎದುರಾಳಿ ಡೇಟಾ ಜನರಲ್ ಇತ್ತು. ಅವರ ಹತ್ತಿರ ಮಾರುವುದಕ್ಕೆ ಇದ್ದದ್ದೆಲ್ಲ 16 ಬಿಟ್ ಯಂತ್ರಗಳೇ.

ಎರಡೂವರೆ ವರ್ಷದ ನಂತರ, 1980ರ ಏಪ್ರಿಲ್‌ನಲ್ಲಿ, ಡೇಟಾ ಜನರಲ್ ಉತ್ತರ ಕೊಟ್ಟಿತು. ಆ ಉತ್ತರದ ಹೆಸರು ಎಕ್ಲಿಪ್ಸ್ ಎಂವಿ/8000. ಈ ಬರಹ ಆ ಯಂತ್ರದ ಬಗ್ಗೆ. ಅದಕ್ಕಿಂತ ಜಾಸ್ತಿ, ಅದರೊಳಗಿನ ಒಂದು ತೀರ್ಮಾನದ ಬಗ್ಗೆ. ಹಳೇ 16 ಬಿಟ್ ಪ್ರೋಗ್ರಾಂಗಳು ಏನೂ ಬದಲಾಗದೆ ಹೊಸ ಯಂತ್ರದಲ್ಲಿ ಓಡಬೇಕು. ಆದರೆ ಯಂತ್ರದೊಳಗೆ 'ಈಗ ಹಳೇ ರೀತಿ, ಈಗ ಹೊಸ ರೀತಿ' ಎಂದು ಬದಲಾಯಿಸುವ ಸ್ವಿಚ್ ಇರಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಬೇಕಿತ್ತು. ಸಾಧಿಸಿದರು. ಈ ತೀರ್ಮಾನ ಆ ಕಂಪನಿಯ ಕೈ ಹಿಡಿಯಿತು, ಮುಂದೆ ಅದರ ಕೈ ಕಟ್ಟಿಯೂ ಹಾಕಿತು ಎಂಬುದು ನನ್ನ ಅಭಿಪ್ರಾಯ. ನಮ್ಮ ಬೆಂಗಳೂರಿಗೂ ಈ ಯಂತ್ರಕ್ಕೂ ಒಂದು ನಂಟಿದೆ. ಅದು ಆಮೇಲೆ.

64 ಕೆಬಿ ಅಂದರೆ ಎಷ್ಟು?

ಬಿಟ್‌ಗಳು ಜಾಸ್ತಿ ಇರುವುದು ವೇಗಕ್ಕೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ವೇಗ ಅದರಲ್ಲಿ ಒಂದು ಭಾಗ ಮಾತ್ರ. ದೊಡ್ಡ ಕಾರಣ ವಿಳಾಸ. ಮೆಮೊರಿಯ ಒಂದೊಂದು ಜಾಗಕ್ಕೂ ಒಂದೊಂದು ನಂಬರ್ ಇರುತ್ತದೆ. ಆ ನಂಬರ್ ಬರೆಯಲು ಎಷ್ಟು ಬಿಟ್ ಇದೆಯೋ ಅಷ್ಟೇ ಜಾಗವನ್ನು ಪ್ರೋಗ್ರಾಂ ನೋಡಬಲ್ಲದು. ಡೇಟಾ ಜನರಲ್‌ನ ಮೊದಲ ಯಂತ್ರ ನೋವಾದಲ್ಲಿ ವಿಳಾಸದ ಪದ (ಯಂತ್ರ ಒಂದೇ ಸಲಕ್ಕೆ ಹಿಡಿಯುವ ಬಿಟ್‌ಗಳ ಗುಂಪು) 16 ಬಿಟ್. ಅದರಲ್ಲಿ ಒಂದು ಬಿಟ್ ಬೇರೆ ಕೆಲಸಕ್ಕೆ ಹೋಗುತ್ತಿತ್ತು: ಇದು ನೇರ ವಿಳಾಸವೋ, ಅಥವಾ ವಿಳಾಸ ಬರೆದಿಟ್ಟ ಜಾಗದ ವಿಳಾಸವೋ ಎಂದು ಹೇಳುವುದಕ್ಕೆ. ಉಳಿದದ್ದು 15 ಬಿಟ್. ಅಂದರೆ 32,768 ಪದ. ಪದಕ್ಕೆ ಎರಡು ಬೈಟ್‌ನಂತೆ ಒಟ್ಟು 64 ಕೆಬಿ.

ಇವತ್ತಿನ ಕಣ್ಣಿಗೆ ಇದು ಎಷ್ಟು ಪುಟ್ಟದು ನೋಡಿ. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಕಾಗುಣಿತದ ಗುರುತು ಎಲ್ಲ ಬೇರೆ ಬೇರೆ ಸಂಕೇತ. ಲೆಕ್ಕ ಹಾಕಿದರೆ 64 ಕೆಬಿಯಲ್ಲಿ ಹಿಡಿಯುವುದು 21,845 ಸಂಕೇತ. ಪತ್ರಿಕೆಯ ಒಂದು ಉದ್ದದ ಲೇಖನ ಸಾಕು, ತುಂಬಿಹೋಗುತ್ತದೆ. ಅಷ್ಟು ಜಾಗದಲ್ಲಿ ಒಂದು ಕಾರ್ಖಾನೆಯ ದಾಸ್ತಾನು, ಸಂಬಳ, ಬಿಲ್ಲು ಎಲ್ಲದರ ಪ್ರೋಗ್ರಾಂ ಕೂರಬೇಕಿತ್ತು.

1969ರಲ್ಲಿ ಇದು ಯಾರಿಗೂ ತೊಂದರೆ ಎನಿಸಲಿಲ್ಲ. ಆಗಿನ ಮೆಮೊರಿ ಅಂದರೆ ಪುಟ್ಟ ಪುಟ್ಟ ಕಾಂತದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ಕೋರ್ ಮೆಮೊರಿ. ವಿಪರೀತ ದುಬಾರಿ. 4,096 ಪದದ ಮೆಮೊರಿ ಕೊಂಡವರೇ ಹೆಚ್ಚು. 1970ರಲ್ಲಿ ಇಂಟೆಲ್ 1103 ಚಿಪ್ ಬಂತು, ಒಂದು ಚಿಪ್‌ನಲ್ಲಿ 1,024 ಬಿಟ್. ದಶಕ ಮುಗಿಯುವ ಹೊತ್ತಿಗೆ ಒಂದೇ ಚಿಪ್‌ನಲ್ಲಿ 16,384 ಬಿಟ್ ಸಾಮಾನ್ಯವಾಗಿತ್ತು. ಮೆಮೊರಿ ಅಗ್ಗವಾಯಿತು, ಜನ ಕೊಂಡರು. ಆದರೆ ಕೊಂಡ ಮೆಮೊರಿಯನ್ನು ಒಂದೇ ಪ್ರೋಗ್ರಾಂ ಪೂರ್ತಿ ನೋಡುವ ಹಾಗಿರಲಿಲ್ಲ. ಮೆಮೊರಿಯನ್ನು ಹಲವು ಪ್ರೋಗ್ರಾಂಗಳಿಗೆ ಹಂಚಿಕೊಡುವ ಸಲಕರಣೆ ಬಂದಿತ್ತು ನಿಜ. ಒಂದೊಂದು ಪ್ರೋಗ್ರಾಂಗೆ ಮಾತ್ರ ಅದೇ 64 ಕೆಬಿ. ಅದಕ್ಕಿಂತ ದೊಡ್ಡದು ಬರೆಯಬೇಕಾದರೆ ಪ್ರೋಗ್ರಾಂ ಅನ್ನು ತುಂಡು ಮಾಡಿ ಡಿಸ್ಕ್‌ನಲ್ಲಿ ಇಡಬೇಕು. ಬೇಕಾದ ತುಂಡನ್ನು ಒಳಗೆ ಕರೆಸಿಕೊಂಡು ಬೇಡದ್ದರ ಮೇಲೆ ಹೇರಬೇಕು. ಇದಕ್ಕೆ ಓವರ್‌ಲೇ ಎನ್ನುತ್ತಿದ್ದರು. ಪ್ರೋಗ್ರಾಮರ್‌ಗಳ ಎಷ್ಟೋ ದುಡಿಮೆ ಈ ತುಂಡುಗಳ ಲೆಕ್ಕಾಚಾರದಲ್ಲೇ ಕಳೆದುಹೋಗುತ್ತಿತ್ತು.

ಡೆಕ್‌ನವರ 16 ಬಿಟ್ ಯಂತ್ರ ಪಿಡಿಪಿ-11ಕ್ಕೂ ಇದೇ ಕಾಯಿಲೆ. 1976ರಲ್ಲಿ ಡೆಕ್‌ನ ಗಾರ್ಡನ್ ಬೆಲ್ ಮತ್ತು ವಿಲಿಯಂ ಸ್ಟ್ರೆಕರ್ ತಮ್ಮ ಯಂತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ಕಂಪ್ಯೂಟರ್ ವಿನ್ಯಾಸದಲ್ಲಿ ಸರಿಪಡಿಸುವುದು ಕಷ್ಟವಾದ ತಪ್ಪು ಒಂದೇ, ಅದು ವಿಳಾಸಕ್ಕೆ ಸಾಕಷ್ಟು ಬಿಟ್ ಇಡದಿರುವುದು ಎಂದು ಅದರಲ್ಲಿ ನೇರವಾಗಿ ಹೇಳಿದರು. ತಮ್ಮದೇ ಜನಪ್ರಿಯ ಯಂತ್ರದ ಬಗ್ಗೆ ಹೀಗೆ ಬರೆಯುವುದಕ್ಕೆ ಗುಂಡಿಗೆ ಬೇಕು. ಆ ಸ್ಟ್ರೆಕರ್ ಅವರೇ ವ್ಯಾಕ್ಸ್‌ನ ಮುಖ್ಯ ವಿನ್ಯಾಸಕಾರ.

ಎರಡು ಕಂಪನಿಗಳ ಹಳೇ ಲೆಕ್ಕ

ಡೇಟಾ ಜನರಲ್ ಹುಟ್ಟಿದ್ದೇ ಡೆಕ್‌ನಿಂದ. ಎಡ್ಸನ್ ಡಿ ಕ್ಯಾಸ್ಟ್ರೋ ಡೆಕ್‌ನಲ್ಲಿ ಎಂಜಿನಿಯರ್ ಆಗಿದ್ದರು. 1965ರಲ್ಲಿ 18,000 ಡಾಲರ್‌ಗೆ ಬಂದು ಮಿನಿಕಂಪ್ಯೂಟರ್ ಎಂಬ ಮಾರುಕಟ್ಟೆಯನ್ನೇ ತೆರೆದ ಪಿಡಿಪಿ-8 ಅವರ ಕೈಯ ಕೆಲಸ. ಆಮೇಲೆ ಪಿಡಿಪಿ-ಎಕ್ಸ್ ಎಂಬ ಹೊಸ ಯಂತ್ರದ ಯೋಜನೆ ಹಾಕಿದರು. ಡೆಕ್ ಅದನ್ನು ಒಪ್ಪಲಿಲ್ಲ. 1968ರಲ್ಲಿ ಅವರು ಕೆಲವು ಜೊತೆಗಾರರೊಂದಿಗೆ ಹೊರಬಂದು ಡೇಟಾ ಜನರಲ್ ಶುರು ಮಾಡಿದರು. ಮರುವರ್ಷವೇ ನೋವಾ ಬಂತು. ಮೆಮೊರಿ ಬಿಟ್ಟು ಬರೀ ಯಂತ್ರದ ಬೆಲೆ 3,995 ಡಾಲರ್. ದೊಡ್ಡ ದೊಡ್ಡ ಬೋರ್ಡ್‌ಗಳ ಮೇಲೆ ಒತ್ತೊತ್ತಾಗಿ ಚಿಪ್ ಕೂರಿಸಿ ಖರ್ಚು ಇಳಿಸಿದ್ದರು. ಡೆಕ್ 1970ರಲ್ಲಿ ಪಿಡಿಪಿ-11 ತಂದು ಉತ್ತರ ಕೊಟ್ಟಿತು. ಡೇಟಾ ಜನರಲ್ 1974ರಲ್ಲಿ ನೋವಾವನ್ನೇ ಬೆಳೆಸಿ ಎಕ್ಲಿಪ್ಸ್ ಮಾಡಿತು.

ಹೀಗಾಗಿ 1977ರಲ್ಲಿ ವ್ಯಾಕ್ಸ್ ಬಂದಾಗ ಅದು ಬರೀ ವ್ಯಾಪಾರದ ಪೆಟ್ಟಾಗಿರಲಿಲ್ಲ. 32 ಬಿಟ್ ಯಂತ್ರ ಮಾಡಿದ್ದರಲ್ಲಿ ಡೆಕ್ ಮೊದಲನೆಯದೂ ಅಲ್ಲ. ಇಂಟರ್‌ಡೇಟಾ, ಪ್ರೈಮ್ ಕಂಪನಿಗಳು ಆಗಲೇ ಮಾಡಿ ಮಾರುತ್ತಿದ್ದವು. ಆದರೆ ಡೆಕ್ ಮಾಡಿದರೆ ಮಾರುಕಟ್ಟೆ ಅತ್ತ ವಾಲುತ್ತದೆ. ಡೇಟಾ ಜನರಲ್‌ಗೆ ಅದು ಚೆನ್ನಾಗಿ ಗೊತ್ತಿತ್ತು.

ಅವರ ಬಳಿ ಯೋಜನೆ ಇರಲಿಲ್ಲ ಅಂತಲ್ಲ. ಫೌಂಟನ್‌ಹೆಡ್ ಎಂಬ ದೊಡ್ಡ ಯೋಜನೆ ನಡೆಯುತ್ತಿತ್ತು. ಹಳೆಯದನ್ನೆಲ್ಲ ಬದಿಗಿಟ್ಟು ಸಂಪೂರ್ಣ ಹೊಸ ಯಂತ್ರ ಮಾಡುವ ಕನಸು ಅದು. ಕಂಪನಿ ಅದನ್ನು ನಾರ್ತ್ ಕೆರೊಲಿನಾದ ಹೊಸ ಕೇಂದ್ರಕ್ಕೆ ಕಳಿಸಿತು. ಅನುಭವಿಗಳಲ್ಲಿ ಅನೇಕರು ಆ ಕಡೆ ಹೋದರು. ವೆಸ್ಟ್‌ಬರೋದಲ್ಲಿ ಉಳಿದದ್ದು ಎಕ್ಲಿಪ್ಸ್ ತಂಡ. ಅದರ ಮುಖ್ಯಸ್ಥ ಟಾಮ್ ವೆಸ್ಟ್. ಫೌಂಟನ್‌ಹೆಡ್ ತಡವಾದರೆ ಕಂಪನಿಗೆ ಗತಿಯೇನು ಎಂಬುದು ಅವರ ಪ್ರಶ್ನೆ. ಅದಕ್ಕೆ ಅವರ ಉತ್ತರ ಸರಳ: ಎಕ್ಲಿಪ್ಸ್ ಅನ್ನೇ 32 ಬಿಟ್‌ಗೆ ಬೆಳೆಸೋಣ. 1978ರಲ್ಲಿ ಈಗಲ್ ಎಂಬ ಒಳಹೆಸರಿನಲ್ಲಿ ಕೆಲಸ ಶುರುವಾಯಿತು.

ಫೌಂಟನ್‌ಹೆಡ್ ಕೊನೆಗೂ ಮಾರುಕಟ್ಟೆಗೆ ಬರಲೇ ಇಲ್ಲ.

ಡಿ ಕ್ಯಾಸ್ಟ್ರೋ ಹಾಕಿದ ಷರತ್ತು

ಈಗ ಪ್ರಕರಣದ ತಿರುಳಿಗೆ ಬರೋಣ. ಹಳೇ ಗಿರಾಕಿಗಳ ಬಳಿ ವರ್ಷಗಟ್ಟಲೆ ಬರೆದ ಪ್ರೋಗ್ರಾಂಗಳಿದ್ದವು. ಯಂತ್ರದ ಬೆಲೆಗಿಂತ ಆ ಪ್ರೋಗ್ರಾಂಗಳ ಬೆಲೆ ದೊಡ್ಡದು. ಹೊಸ ಯಂತ್ರ ಅವುಗಳನ್ನು ಓಡಿಸದಿದ್ದರೆ ಗಿರಾಕಿ ಹೇಗೂ ಎಲ್ಲವನ್ನೂ ಮತ್ತೆ ಬರೆಯಬೇಕು. ಬರೆಯುವುದೇ ಆದರೆ ವ್ಯಾಕ್ಸ್‌ಗೆ ಬರೆಯಬಹುದಲ್ವಾ? ಅದಕ್ಕೇ ಹಳೆಯದು ಓಡಲೇಬೇಕು.

ಇದಕ್ಕೆ ಎಲ್ಲರಿಗೂ ಹೊಳೆಯುವ ದಾರಿ ಮೋಡ್ ಬಿಟ್. ಪ್ರೊಸೆಸರ್ ಒಳಗೆ ಒಂದು ಬಿಟ್ ಇಡುವುದು. ಅದು 0 ಇದ್ದರೆ ಯಂತ್ರ ಹಳೇ 16 ಬಿಟ್ ಯಂತ್ರದಂತೆ ನಡೆಯುತ್ತದೆ. 1 ಇದ್ದರೆ ಹೊಸ 32 ಬಿಟ್ ಯಂತ್ರ. ಹಳೇ ಮನೆಯನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಬೇರೆ ಬಾಗಿಲಿನ ಹೊಸ ಪೋರ್ಷನ್ ಕಟ್ಟಿದ ಹಾಗೆ. ಡೆಕ್ ಮಾಡಿದ್ದು ಇದನ್ನೇ. ವ್ಯಾಕ್ಸ್‌ನ ಸ್ಥಿತಿ ಹೇಳುವ ಪದದಲ್ಲಿ ಒಂದು ಬಿಟ್ ಇದಕ್ಕೇ ಮೀಸಲು. ಅದನ್ನು ಹಾಕಿದರೆ ಯಂತ್ರ ಪಿಡಿಪಿ-11ರ ಆದೇಶಗಳನ್ನು (ಪ್ರೊಸೆಸರ್‌ಗೆ ಪ್ರೋಗ್ರಾಂ ಕೊಡುವ ಒಂದೊಂದು ಸಣ್ಣ ಅಪ್ಪಣೆ) ಓಡಿಸುತ್ತಿತ್ತು. ಹೊಸ ಆದೇಶಗಳನ್ನು ಡೆಕ್ ಬೇಕಾದ ಹಾಗೆ ರೂಪಿಸಿಕೊಂಡಿತು, ಹಳೆಯದರ ಹಂಗೇ ಇಲ್ಲದೆ.

ಡೇಟಾ ಜನರಲ್ ತಂಡ ಮೊದಲು ಯೋಚಿಸಿದ ಒಂದು ವಿನ್ಯಾಸದಲ್ಲೂ ಮೋಡ್ ಬಿಟ್ ಇತ್ತು. ಆದರೆ ಡಿ ಕ್ಯಾಸ್ಟ್ರೋ ಅದು ಬೇಡ ಎಂದರು. ಈಗಲ್‌ಗೆ ಅದೇ ಕಟ್ಟುನಿಟ್ಟಿನ ಷರತ್ತಾಯಿತು. ಮೇಲ್ನೋಟಕ್ಕೆ ಇದು ಹಟದ ಹಾಗೆ ಕಾಣುತ್ತದೆ. ಇರುವ ಸುಲಭ ದಾರಿಯನ್ನು ಯಾಕೆ ಮುಚ್ಚಬೇಕು?

ಷರತ್ತಿನಿಂದ ಸಿಕ್ಕಿದ್ದು ನೋಡಿದರೆ ಅದು ಬರೀ ಹಟ ಎನಿಸುವುದಿಲ್ಲ. ಮೋಡ್ ಬಿಟ್ ಇದ್ದರೆ ಹಳೇ ಪ್ರೋಗ್ರಾಂ ಹಳೇ ಪ್ರೋಗ್ರಾಂ ಆಗಿಯೇ ಉಳಿಯುತ್ತದೆ. ಅದು 64 ಕೆಬಿಯಿಂದ ಹೊರಗೆ ಬರಬೇಕಾದರೆ ಪೂರ್ತಿ ಹೊಸದಾಗಬೇಕು. ಮೋಡ್ ಬಿಟ್ ಇಲ್ಲದಿದ್ದರೆ ಹಳೇ ಆದೇಶವೂ ಹೊಸ ಆದೇಶವೂ ಒಂದೇ ಸಾಲಿನಲ್ಲಿ, ಒಂದರ ಹಿಂದೆ ಒಂದು ಬರಬಹುದು. ಗಿರಾಕಿ ತನ್ನ ಹಳೇ ಪ್ರೋಗ್ರಾಂ ಅನ್ನು ಇವತ್ತು ಹಾಗೇ ಓಡಿಸಬಹುದು, ನಾಳೆ ಅದರ ಒಂದು ಭಾಗವನ್ನು ಮಾತ್ರ ದೊಡ್ಡದು ಮಾಡಬಹುದು. ದುಡ್ಡು ಸುರಿದು ಪ್ರೋಗ್ರಾಂ ಬರೆಸಿಕೊಂಡ ಕಾರ್ಖಾನೆಗೆ, ಬ್ಯಾಂಕಿಗೆ ಇದು ದೊಡ್ಡ ಸಮಾಧಾನ.

ಖಾಲಿ ಜಾಗದ ಹುಡುಕಾಟ

ಷರತ್ತು ಹಾಕುವುದು ಸುಲಭ. ಪಾಲಿಸುವುದು ಹೇಗೆ? ಇಲ್ಲಿ ಎರಡು ಕಷ್ಟಗಳಿವೆ. ಹೊಸ ಆದೇಶಗಳಿಗೆ ಸಂಕೇತ, ಅಂದರೆ ಅವನ್ನು ಗುರುತಿಸುವ ಬಿಟ್‌ಗಳ ಜೋಡಣೆ, ಎಲ್ಲಿಂದ ತರುವುದು ಎಂಬುದು ಒಂದು. 15 ಬಿಟ್‌ನ ಹಳೇ ವಿಳಾಸವನ್ನು ಹೊಸ ದೊಡ್ಡ ವಿಳಾಸದ ಒಳಗೆ ಹೇಗೆ ಕೂರಿಸುವುದು ಎಂಬುದು ಇನ್ನೊಂದು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಷ್ಟು ಚೆಂದ ಇದೆ.

ನೋವಾದ ಒಂದೊಂದು ಆದೇಶವೂ 16 ಬಿಟ್. ಅದರಲ್ಲಿ ಮೊದಲ ಬಿಟ್ 1 ಇದ್ದರೆ ಅದು ಕೂಡುವುದು, ಕಳೆಯುವುದು ಇಂಥ ಲೆಕ್ಕದ ಆದೇಶ. ಯಾವ ಎರಡು ಅಕ್ಯುಮ್ಯುಲೇಟರ್ (ಲೆಕ್ಕದ ಸಂಖ್ಯೆಗಳನ್ನು ಪ್ರೊಸೆಸರ್ ಇಟ್ಟುಕೊಳ್ಳುವ ಜಾಗ), ಯಾವ ಲೆಕ್ಕ, ಉತ್ತರವನ್ನು ಪಕ್ಕಕ್ಕೆ ಸರಿಸಬೇಕಾ ಎಂಬುದಕ್ಕೆಲ್ಲ ನಡುವಿನ ಬಿಟ್‌ಗಳು. ಕೊನೆಯ ನಾಲ್ಕು ಬಿಟ್‌ಗಳಲ್ಲಿ ಸ್ವಾರಸ್ಯ ಇದೆ. ಆ ನಾಲ್ಕರಲ್ಲಿ ಮೊದಲನೆಯದು 1 ಇದ್ದರೆ 'ಲೆಕ್ಕ ಮಾಡು, ಆದರೆ ಉತ್ತರವನ್ನು ಇಟ್ಟುಕೊಳ್ಳಬೇಡ' ಎಂದರ್ಥ. ಉಳಿದ ಮೂರು 'ಮುಂದಿನ ಆದೇಶವನ್ನು ಯಾವಾಗ ಹಾರಿ ಹೋಗಬೇಕು' ಎಂದು ಹೇಳುತ್ತವೆ. ಎರಡು ಸಂಖ್ಯೆ ಸಮ ಇವೆಯಾ ಎಂದು ನೋಡಬೇಕು ಅನ್ನಿ. ಒಂದರಿಂದ ಇನ್ನೊಂದನ್ನು ಕಳೆ, ಉತ್ತರ ಇಟ್ಟುಕೊಳ್ಳಬೇಡ, ಸೊನ್ನೆ ಬಂದರೆ ಹಾರು. ಒಂದೇ ಆದೇಶದಲ್ಲಿ ಕೆಲಸ ಮುಗಿಯಿತು.

ಈಗ ಆ ನಾಲ್ಕು ಬಿಟ್ 1000 ಆಗಿದ್ದರೆ? ಲೆಕ್ಕ ಮಾಡು, ಉತ್ತರ ಇಟ್ಟುಕೊಳ್ಳಬೇಡ, ಹಾರಲೂ ಬೇಡ. ಅಂದರೆ ಏನೂ ಮಾಡಬೇಡ. ಮೊದಲ ಬಿಟ್ ಮತ್ತು ಈ ನಾಲ್ಕು ಬಿಟ್ ಬಿಟ್ಟರೆ ಉಳಿದ 11 ಬಿಟ್ ಹೇಗೆ ಬೇಕಾದರೂ ಇರಬಹುದು. ಹಾಗಾಗಿ ಏನೂ ಮಾಡದ ಆದೇಶಗಳು 2,048 ಇದ್ದವು! ಯಾವ ಪ್ರೋಗ್ರಾಮರ್ ಕೂಡ ಇವನ್ನು ಬರೆಯಲು ಕಾರಣವಿರಲಿಲ್ಲ. 1974ರಲ್ಲಿ ಎಕ್ಲಿಪ್ಸ್ ಮಾಡಿದಾಗ ಹೊಸ ಆದೇಶಗಳನ್ನು ಈ ಖಾಲಿ ಜಾಗಕ್ಕೆ ತುಂಬಿದರು. ನೋವಾದ ಪ್ರೋಗ್ರಾಂಗಳಿಗೆ ಏನೂ ಧಕ್ಕೆ ಆಗಲಿಲ್ಲ.

ಎಂವಿ/8000 ಬರುವಾಗ ಆ ಜಾಗ ಮುಗಿದಿತ್ತು. ಪಕ್ಕದ ಸಂಕೇತ 1001. ಲೆಕ್ಕ ಮಾಡು, ಉತ್ತರ ಇಟ್ಟುಕೊಳ್ಳಬೇಡ, ಏನೇ ಆದರೂ ಹಾರು. ಇಲ್ಲೂ 2,048 ಸಂಕೇತಗಳು, ಅಷ್ಟೂ ಮಾಡುವುದು ಒಂದೇ ಕೆಲಸ: ಮುಂದಿನ ಆದೇಶವನ್ನು ಸುಮ್ನೆ ಹಾರುವುದು. ಆ ಕೆಲಸಕ್ಕೆ ಮಾಮೂಲಿ ಜಂಪ್ ಆದೇಶ ಇದ್ದೇ ಇತ್ತು. 32 ಬಿಟ್ ಆದೇಶಗಳು ಇಲ್ಲಿಗೆ ಬಂದು ಕೂತವು. ಮೊದಲ 16 ಬಿಟ್‌ನಲ್ಲಿ ಇದು ಹೊಸ ಆದೇಶ ಎಂದು ಗೊತ್ತಾದರೆ, ಉದ್ದದ ವಿಳಾಸ ಅದರ ನಂತರದ ಪದಗಳಲ್ಲಿ ಬರುತ್ತದೆ. ಯಾವ ಸ್ವಿಚ್ಚೂ ಬೇಡ. ತಾನು ಹಳೆಯದೋ ಹೊಸದೋ ಎಂದು ಆದೇಶವೇ ಹೇಳುತ್ತದೆ.

ನೋವಾದ ಆದೇಶ ರೂಪಿಸಿದಾಗ ಮುಂದೊಂದು ದಿನ ಈ ಜಾಗ ಉಪಯೋಗಕ್ಕೆ ಬರುತ್ತದೆ ಎಂದು ಎಣಿಸಿ ಇಟ್ಟದ್ದಲ್ಲ. ಆದೇಶದ ಒಂದೊಂದು ಭಾಗವೂ ಇನ್ನೊಂದರ ಹಂಗಿಲ್ಲದೆ ಇರಲಿ ಎಂದು ಮಾಡಿದ್ದರು. ಹಾಗೆ ಮಾಡಿದಾಗ ಅರ್ಥವಿಲ್ಲದ ಜೋಡಣೆಗಳೂ ಹುಟ್ಟುತ್ತವೆ. ಹನ್ನೊಂದು ವರ್ಷದ ನಂತರ ಆ ಜೋಡಣೆಗಳೇ ಕೈಹಿಡಿದವು.

ಅಕ್ಯುಮ್ಯುಲೇಟರ್‌ಗಳ ವಿಷಯ ಸುಲಭ. ನೋವಾದಲ್ಲಿ ಇದ್ದದ್ದು ನಾಲ್ಕು, 16 ಬಿಟ್‌ನವು. ಅವನ್ನೇ 32 ಬಿಟ್ ಮಾಡಿದರು. ಹಳೇ ಆದೇಶ ಕೆಳಗಿನ 16 ಬಿಟ್ ಬಳಸುತ್ತದೆ, ಹೊಸದು ಪೂರ್ತಿ ಬಳಸುತ್ತದೆ.

ವಿಳಾಸದ ಕಷ್ಟ ಬಿಡಿಸಿದವರು ಸ್ಟೀವ್ ವಾಲಕ್. ಎಂವಿ/8000ದ ಆದೇಶಗಳು, ವಿಳಾಸ, ರಕ್ಷಣೆ ಇವನ್ನೆಲ್ಲ ರೂಪಿಸಿದ ವಿನ್ಯಾಸಕಾರ. ಒಟ್ಟು ವಿಳಾಸದ ಹರವು 4 ಜಿಬಿ. ಅದನ್ನು 512 ಎಂಬಿಯ 8 ಸೆಗ್ಮೆಂಟ್‌ಗಳಾಗಿ ಹಂಚಿದರು. ವಿಳಾಸದ ಮೇಲಿನ 3 ಬಿಟ್ ಯಾವ ಸೆಗ್ಮೆಂಟ್ ಎಂದು ಹೇಳುತ್ತದೆ. ಇಷ್ಟು ಎಲ್ಲರೂ ಮಾಡಬಹುದಾದದ್ದು. ವಾಲಕ್ ಒಂದು ಹೆಜ್ಜೆ ಮುಂದೆ ಹೋದರು. ಆ ಸೆಗ್ಮೆಂಟ್ ನಂಬರನ್ನೇ ರಕ್ಷಣೆಯ ಮಟ್ಟವನ್ನಾಗಿಯೂ ಮಾಡಿದರು. 0 ಅತಿ ಒಳಗಿನ ರಿಂಗ್ (ರಕ್ಷಣೆಯ ವರ್ತುಲ), ಅಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳು. 7 ಅತಿ ಹೊರಗಿನದು, ಅಲ್ಲಿ ಸಾಮಾನ್ಯ ಬಳಕೆದಾರನ ಪ್ರೋಗ್ರಾಂ. ಹೊರಗಿನವರು ಒಳಗಿನದನ್ನು ಮುಟ್ಟುವಂತಿಲ್ಲ. ಒಳಗಿನ ಸೇವೆ ಬೇಕಾದರೆ ಗೊತ್ತು ಮಾಡಿದ ಗೇಟ್ ಮೂಲಕವೇ ಕರೆಯಬೇಕು. ಮುಟ್ಟಬಹುದೋ ಇಲ್ಲವೋ ಎಂದು ನೋಡಲು ಯಂತ್ರ ಮೊದಲು ಮಾಡಬೇಕಾದದ್ದು ಎರಡು ಪುಟ್ಟ ನಂಬರ್‌ಗಳ ಹೋಲಿಕೆ. ರಿಂಗ್‌ಗಳ ಕಲ್ಪನೆ ಹೊಸದಲ್ಲ, ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆಯಲ್ಲಿ ಅದು ಮೊದಲೇ ಇತ್ತು. ಅದನ್ನು ವಿಳಾಸದೊಳಗೇ ಸೇರಿಸಿಬಿಟ್ಟದ್ದು ಇಲ್ಲಿನ ಜಾಣತನ.

ಹಳೇ ಪ್ರೋಗ್ರಾಂಗೂ ಇದರಿಂದಲೇ ಜಾಗ ಸಿಕ್ಕಿತು. ಹಳೇ ಆದೇಶದ 15 ಬಿಟ್ ವಿಳಾಸವನ್ನು ಯಂತ್ರ ಈಗ ಓಡುತ್ತಿರುವ ಸೆಗ್ಮೆಂಟ್‌ನ ಮೊದಲ 64 ಕೆಬಿಯೊಳಗೆ ಎಂದು ತಿಳಿಯುತ್ತದೆ. ಹಳೇ ಪ್ರೋಗ್ರಾಂಗೆ ತನ್ನ ಲೋಕ ಹಾಗೇ ಇದೆ ಎನಿಸುತ್ತದೆ. ಅದರ ಪಕ್ಕದಲ್ಲೇ ಕೂತ ಹೊಸ ಆದೇಶಕ್ಕೆ 512 ಎಂಬಿ ಪೂರ್ತಿ ಕಾಣುತ್ತದೆ.

ಕಟ್ಟಿದವರು

ಈ ಯಂತ್ರವನ್ನು ಕಟ್ಟಿದವರ ಕಥೆ ಆಗಲೇ ಲೋಕಪ್ರಸಿದ್ಧ. ಈ ತಂಡದ ಬಗ್ಗೆ 1981ರಲ್ಲಿ ಬಂದ ಪುಸ್ತಕವೊಂದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಎಷ್ಟೋ ಎಂಜಿನಿಯರ್‌ಗಳು ಇವತ್ತಿಗೂ ಎಂವಿ/8000 ಹೆಸರು ಕೇಳಿರುವುದು ಆ ಪುಸ್ತಕದಿಂದಲೇ. ಹಾಗಾಗಿ ಇಲ್ಲಿ ನಾನು ಜಾಸ್ತಿ ಹೇಳುವುದಿಲ್ಲ. ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರನ್ನು ವೆಸ್ಟ್ ತಂಡಕ್ಕೆ ಸೇರಿಸಿಕೊಂಡರು. ಕಾರ್ಲ್ ಆಲ್ಸಿಂಗ್ ಮೈಕ್ರೋಕೋಡ್ (ಯಂತ್ರದ ಆದೇಶಗಳನ್ನು ನಡೆಸುವ ಒಳ ಪ್ರೋಗ್ರಾಂ) ತಂಡ ನೋಡಿಕೊಂಡರು, ಎಡ್ ರಸಾಲಾ ಹಾರ್ಡ್‌ವೇರ್ ತಂಡ. ಹಗಲೂ ರಾತ್ರಿ ಕೆಲಸ ನಡೆಯಿತು. ಎಷ್ಟೋ ಜನ ಸುಸ್ತಾಗಿ ಹೋದರು. ಆ ದುಡಿಸುವ ರೀತಿಯನ್ನು ಇವತ್ತು ಸಾಹಸ ಎಂದು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಆ ಯುವಕರ ಕೆಲಸ ಮಾತ್ರ ಅದ್ಭುತ.

ವೆಸ್ಟ್ ತೆಗೆದುಕೊಂಡ ಒಂದು ತಾಂತ್ರಿಕ ಅಪಾಯ ಹೇಳಲೇಬೇಕು. ಆಗ ಪ್ಯಾಲ್ ಎಂಬ ಚಿಪ್ ಹೊಸದಾಗಿ ಬಂದಿತ್ತು. ಮಾಡಿದವರು ಮೊನೊಲಿಥಿಕ್ ಮೆಮೊರೀಸ್ ಎಂಬ ಕಂಪನಿ. ಮಾಮೂಲಿ ಲಾಜಿಕ್ ಚಿಪ್ ಏನು ಮಾಡುತ್ತದೆ ಎಂಬುದು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ. ಪ್ಯಾಲ್ ಹಾಗಲ್ಲ. ಅದರೊಳಗಿನ ಸಣ್ಣ ಫ್ಯೂಸ್‌ಗಳನ್ನು ಸುಟ್ಟು, ಬೇಕಾದ ಲಾಜಿಕ್ ಅನ್ನು ಕೊಂಡವರೇ ಬರೆದುಕೊಳ್ಳಬಹುದು. ಹಲವು ಚಿಪ್‌ಗಳ ಕೆಲಸ ಒಂದರಲ್ಲಿ ಆಗುತ್ತದೆ. ತಪ್ಪು ಸಿಕ್ಕರೆ ಬೋರ್ಡ್ ಬದಲಾಯಿಸದೆ ಇನ್ನೊಂದು ಚಿಪ್ ಸುಟ್ಟು ಹಾಕಿದರೆ ಆಯಿತು. ಆದರೆ ಆ ಚಿಪ್ ಸಾಕಷ್ಟು ಸಿಗುತ್ತದೆ ಎಂಬ ಖಾತ್ರಿ ಇರಲಿಲ್ಲ. ಒಂದೇ ಕಂಪನಿಯ ಹೊಸ ಚಿಪ್ ನಂಬಿ ಇಡೀ ಯಂತ್ರ ಕಟ್ಟುವುದು ಎಂದರೆ ಧೈರ್ಯ ಬೇಕು. ಈ ಆಯ್ಕೆ ಸರಿಯಾಯಿತು. ಪ್ಯಾಲ್ ಮುಂದೆ ಉದ್ಯಮದಲ್ಲೆಲ್ಲ ಹರಡಿತು.

ಮಾರುಕಟ್ಟೆಯಲ್ಲಿ

ಯಂತ್ರ ಗೆದ್ದಿತು. ಹಳೇ ಎಕ್ಲಿಪ್ಸ್ ಗಿರಾಕಿಗಳು ಡೆಕ್ ಕಡೆ ಹೋಗುವ ಬದಲು ಇದನ್ನು ಕೊಂಡರು. ಎಂವಿ/4000, ಎಂವಿ/10000, ಎಂವಿ/20000 ಎಂದು ಒಂದು ಕುಟುಂಬವೇ ಬೆಳೆಯಿತು. 1984ರಲ್ಲಿ ಕಂಪನಿಯ ವರ್ಷದ ವ್ಯಾಪಾರ 100 ಕೋಟಿ ಡಾಲರ್ ದಾಟಿತ್ತು. ಅಮೆರಿಕದ ಅರಣ್ಯ ಇಲಾಖೆ ದೇಶದ ಉದ್ದಗಲದ ತನ್ನ ಕಚೇರಿಗಳಿಗೆ ಡೇಟಾ ಜನರಲ್ ಯಂತ್ರಗಳನ್ನೇ ಹಾಕಿಸಿತು. ಕಾಡಿನ ನಡುವಿನ ಸಣ್ಣ ಕಚೇರಿಯಲ್ಲೂ ಇಮೇಲ್, ಕಡತ, ಟೈಪಿಂಗ್ ಎಲ್ಲ ಅದರಲ್ಲೇ. 1990ರ ದಶಕದವರೆಗೂ ಅದು ನಡೆಯಿತು.

ಬೆಂಗಳೂರಿಗೆ ಬಂದ ಎಂವಿ/8000

ಈಗ ನಮ್ಮ ಊರಿನ ಕಥೆ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಇನ್ಫೋಸಿಸ್ ಶುರು ಮಾಡಿದರು. ಅವರು ಅದಕ್ಕೂ ಮೊದಲು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನಲ್ಲಿ ಕೆಲಸ ಮಾಡಿದವರು. ಡೇಟಾ ಜನರಲ್ ಯಂತ್ರಗಳನ್ನು ಭಾರತದಲ್ಲಿ ಮಾರುತ್ತಿದ್ದದ್ದು ಅದೇ ಪಟ್ನಿ. ಹೊಸ ಕಂಪನಿಗೆ ಮೊದಲ ವರ್ಷಗಳಲ್ಲಿ ಸ್ವಂತದ್ದೊಂದು ಕಂಪ್ಯೂಟರೇ ಇರಲಿಲ್ಲ. ಆಗ ಕಂಪ್ಯೂಟರ್ ಆಮದು ಮಾಡುವುದು ಅಂದರೆ ದಿಲ್ಲಿಯಿಂದ ಲೈಸೆನ್ಸ್ ಬೇಕು, ವಿದೇಶಿ ವಿನಿಮಯಕ್ಕೆ ಅನುಮತಿ ಬೇಕು, ಮೇಲೆ ಭಾರೀ ಸುಂಕ. ಆಮದಿನ ನಿಯಮ ಸಡಿಲವಾಗಿದ್ದು 1984ರ ಕೊನೆಯ ಹೊಸ ಕಂಪ್ಯೂಟರ್ ನೀತಿಯಿಂದ.

1983ರಲ್ಲಿ ಕಂಪನಿ ತನ್ನ ಮುಖ್ಯ ಕಚೇರಿಯನ್ನು ಬೆಂಗಳೂರಿಗೆ ತಂದಿತು. ಅದರ ಮೊದಲ ಭಾರತೀಯ ಗಿರಾಕಿ ಆಡುಗೋಡಿಯ ಮೈಕೋ. ಈಗಿನ ಬಾಷ್. ಅದೇ ವರ್ಷ ಕಂಪನಿಯ ಮೊದಲ ಕಂಪ್ಯೂಟರ್ ಕೂಡ ಬಂತು. ಅದು ಡೇಟಾ ಜನರಲ್ ಎಂವಿ/8000.

ಆ ಹೊತ್ತಿಗೆ ಈ ಯಂತ್ರ ಬಂದು ಮೂರು ವರ್ಷ ಆಗಿತ್ತು. ಆದರೂ ಆ ಆಯ್ಕೆ ಸರಿ ಎನಿಸುತ್ತದೆ. ಪಟ್ನಿಯಲ್ಲಿ ಡೇಟಾ ಜನರಲ್ ಯಂತ್ರಗಳ ನಡುವೆ ಕೆಲಸ ಮಾಡಿದವರಿಗೆ ಈ ಕುಟುಂಬದ ಯಂತ್ರ ಅಪರಿಚಿತ ಅಲ್ಲ. 16 ಬಿಟ್ ಎಕ್ಲಿಪ್ಸ್ ಬಲ್ಲವರ ಕೈಗೆ ಎಂವಿ/8000 ಕೊಟ್ಟರೆ ಮೊದಲ ದಿನವೇ ಕೆಲಸ ಶುರುವಾಗುತ್ತದೆ. ಪ್ರೋಗ್ರಾಂ ಉಳಿಸುವುದಕ್ಕೆ ಅಂತ ಹಾಕಿದ ಷರತ್ತು ಜನರ ಕಲಿಕೆಯನ್ನೂ ಉಳಿಸಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದ ಬಗ್ಗೆ ಬರೆಯುವವರು ಕಟ್ಟಡ, ಉದ್ಯೋಗ, ಷೇರು ಎಲ್ಲ ಬರೆಯುತ್ತಾರೆ. ಶುರುವಿನಲ್ಲಿ ಯಾವ ಯಂತ್ರದ ಮೇಲೆ ಕೂತು ಕೆಲಸ ಮಾಡಿದರು ಎಂದು ಬರೆಯುವುದು ಅಪರೂಪ. ಅದೂ ದಾಖಲಾಗಬೇಕು ಎಂಬುದು ನನ್ನ ಆಸೆ.

ಷರತ್ತಿನ ಬೆಲೆ

ಡೆಕ್ ಕಡೆ ಏನಾಯಿತು ನೋಡೋಣ. ಕೆಲವು ವರ್ಷಗಳಲ್ಲಿ ಗಿರಾಕಿಗಳು ಪಿಡಿಪಿ-11ರ ಪ್ರೋಗ್ರಾಂಗಳನ್ನು ಬಿಟ್ಟು ವ್ಯಾಕ್ಸ್‌ಗೇ ಬರೆಯಲು ಶುರು ಮಾಡಿದರು. 1985ರಲ್ಲಿ ಡೆಕ್ ವ್ಯಾಕ್ಸ್ ಅನ್ನು ಪುಟ್ಟ ಚಿಪ್‌ಗೆ ಇಳಿಸಿ ಮೈಕ್ರೋವ್ಯಾಕ್ಸ್-2 ಮಾಡಿತು. ಆಗ ಹಳೇ ರೀತಿಯನ್ನು ಹಾರ್ಡ್‌ವೇರ್‌ನಿಂದ ತೆಗೆದೇ ಹಾಕಿತು. ಬೇಕಾದವರಿಗೆ ಸಾಫ್ಟ್‌ವೇರ್ ಮೂಲಕ ಅನುಕರಣೆ. ಮೋಡ್ ಬಿಟ್‌ನ ಆಚೆ ಬೇರೆಯಾಗಿ ಇದ್ದದ್ದರಿಂದ ತೆಗೆಯುವುದು ಸುಲಭವಾಯಿತು.

ಡೇಟಾ ಜನರಲ್‌ಗೆ ಆ ಅವಕಾಶ ಇರಲಿಲ್ಲ. ಹಳೇ ಆದೇಶ, ಹೊಸ ಆದೇಶ ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದೇ ಪ್ರೋಗ್ರಾಂನಲ್ಲಿ ಎರಡೂ ಇರುತ್ತಿದ್ದವು. ಯಾವುದನ್ನು ತೆಗೆದರೂ ಯಾರದೋ ಪ್ರೋಗ್ರಾಂ ಮುರಿಯುತ್ತದೆ. 1969ರ ನೋವಾದ ತೀರ್ಮಾನಗಳನ್ನು ಎಂವಿ ಕುಟುಂಬ ಕೊನೆಯವರೆಗೂ ಹೊತ್ತುಕೊಂಡೇ ನಡೆಯಬೇಕಾಯಿತು. ಇದು ಷರತ್ತಿನ ಒಂದು ಬೆಲೆ.

ಇನ್ನೊಂದು ಬೆಲೆ ದೊಡ್ಡದು, ಕಾಣಿಸಿದ್ದು ನಿಧಾನವಾಗಿ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮತ್ತು ಸಿ ಎಂಬ ಪ್ರೋಗ್ರಾಂ ಭಾಷೆ ಹರಡುತ್ತಿದ್ದವು. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದು ಯಂತ್ರಕ್ಕೆ ಕಟ್ಟುಬಿದ್ದಿರುವುದಿಲ್ಲ. ಬೇರೆ ಯಂತ್ರಕ್ಕೆ ತಂದು ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಆ ಯಂತ್ರದ ಆದೇಶಗಳಿಗೆ ಬದಲಾಯಿಸಿದರೆ, ಬಹುಪಾಲು ಓಡುತ್ತದೆ. ಹೀಗಾದಾಗ 'ನಿಮ್ಮ ಹಳೇ ಪ್ರೋಗ್ರಾಂ ನಮ್ಮಲ್ಲೇ ಓಡುತ್ತದೆ' ಎಂಬ ಭರವಸೆಗೆ ಮೊದಲಿನ ಬೆಲೆ ಇಲ್ಲ. ಅಗ್ಗದ ಮೈಕ್ರೋಪ್ರೊಸೆಸರ್‌ಗಳು ಮಿನಿಕಂಪ್ಯೂಟರ್‌ಗಳ ವೇಗಕ್ಕೆ ಬಂದಿದ್ದವು. 1989ರಲ್ಲಿ ಡೇಟಾ ಜನರಲ್ ಕೂಡ ಮೊಟೊರೊಲಾ 88000 ಪ್ರೊಸೆಸರ್ ಬಳಸಿ ಏವಿಯಾನ್ ಎಂಬ ಯುನಿಕ್ಸ್ ಯಂತ್ರಗಳನ್ನು ತಂದಿತು. ಅಲ್ಲಿ ನೋವಾದ ಗುರುತೇ ಇಲ್ಲ. ಆಮೇಲೆ ಕಂಪನಿಯ ಕೈಹಿಡಿದದ್ದು ಕ್ಲಾರಿಯನ್ ಎಂಬ ಡಿಸ್ಕ್ ಶೇಖರಣೆಯ ವ್ಯವಸ್ಥೆ. ಅದರ ಹಿಂದೆಯೂ ಟಾಮ್ ವೆಸ್ಟ್ ಇದ್ದರು. 1999ರಲ್ಲಿ ಇಎಂಸಿ ಕಂಪನಿ ಡೇಟಾ ಜನರಲ್ ಅನ್ನು ಸುಮಾರು 110 ಕೋಟಿ ಡಾಲರ್‌ಗೆ ಕೊಂಡಿತು, ಮುಖ್ಯವಾಗಿ ಕ್ಲಾರಿಯನ್‌ಗಾಗಿ. ಅದರ ಹಿಂದಿನ ವರ್ಷ ಡೆಕ್ ಕಾಂಪ್ಯಾಕ್ ಪಾಲಾಗಿತ್ತು. ಮೋಡ್ ಬಿಟ್ ಇಟ್ಟವರೂ ಹೋದರು, ಇಡದವರೂ ಹೋದರು. ಹಾಗಾಗಿ ಈ ಒಂದು ಬಿಟ್‌ನಿಂದಲೇ ಕಂಪನಿ ಮುಳುಗಿತು ಎನ್ನುವುದು ತಪ್ಪಾಗುತ್ತದೆ.

ಹಾಗಾದರೆ ಡಿ ಕ್ಯಾಸ್ಟ್ರೋ ಹಾಕಿದ ಷರತ್ತು ಸರಿಯೋ ತಪ್ಪೋ?

ಮುಂದಿನ ಚರಿತ್ರೆ ಮೋಡ್ ಬಿಟ್ ಕಡೆಗೇ ವಾಲಿತು. 2003ರಲ್ಲಿ ಎಎಂಡಿ ಕಂಪನಿ ಇಂಟೆಲ್ ಕುಟುಂಬದ 32 ಬಿಟ್ ಪ್ರೊಸೆಸರನ್ನು 64ಕ್ಕೆ ಬೆಳೆಸಿದ ಓಪ್ಟೆರಾನ್ ತಂದಾಗ ಮೋಡ್‌ಗಳನ್ನೇ ಇಟ್ಟಿತು. ಇವತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಅದೇ ದಾರಿಯವು. ಆದರೆ ಆ ದಾರಿಯ ತೊಂದರೆಯನ್ನು ನಾವೆಲ್ಲ ಅನುಭವಿಸಿದ್ದೇವೆ. 64 ಬಿಟ್ ಬ್ರೌಸರ್ ಒಳಗೆ 32 ಬಿಟ್ ಪ್ಲಗಿನ್ ಕೂರುತ್ತಿರಲಿಲ್ಲ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಕಾಲದ 16 ಬಿಟ್ ಲೆಕ್ಕಪತ್ರದ ಪ್ರೋಗ್ರಾಂ ನೇರವಾಗಿ ಓಡುವುದೇ ಇಲ್ಲ. ಅಂಗಡಿ, ಸೊಸೈಟಿ, ಪ್ರೆಸ್‌ಗಳಲ್ಲಿ ಅಂಥ ಒಂದು ಪ್ರೋಗ್ರಾಂಗೋಸ್ಕರ ಹಳೇ ಕಂಪ್ಯೂಟರ್ ಉಳಿಸಿಕೊಂಡವರಿಗೆ ಇದರ ಕಷ್ಟ ಗೊತ್ತು. ಎಂವಿ/8000 ಕೊಂಡವರಿಗೆ ಈ ಕಷ್ಟ ಬರಲಿಲ್ಲ.

ಇನ್ನೊಂದು ಕಡೆ, ಆ್ಯಪಲ್ 2017ರಲ್ಲಿ ತನ್ನ ಫೋನಿನ ಚಿಪ್‌ನಿಂದ 32 ಬಿಟ್ ರೀತಿಯನ್ನು ಪೂರ್ತಿ ತೆಗೆದುಹಾಕಿತು. ಹಳೇ ಆ್ಯಪ್‌ಗಳು ನಿಂತುಹೋದವು, ಚಿಪ್ ಹಗುರವಾಯಿತು. ಮೈಕ್ರೋವ್ಯಾಕ್ಸ್‌ನಲ್ಲಿ ಆದದ್ದೇ ಮತ್ತೆ ಆಯಿತು. ಎಂವಿ ಕುಟುಂಬಕ್ಕೆ ಹೀಗೆ ಮಾಡುವುದು ಎಂದೂ ಸಾಧ್ಯವಿರಲಿಲ್ಲ.

ನನ್ನ ತೀರ್ಪು ಇಷ್ಟು. 1978ರಲ್ಲಿ ವೆಸ್ಟ್‌ಬರೋದಲ್ಲಿ ಕೂತು ನೋಡಿದರೆ ಷರತ್ತು ಸರಿ. ಆ ಕಂಪನಿಯ ಹತ್ತಿರ ಡೆಕ್‌ನಷ್ಟು ದುಡ್ಡಿರಲಿಲ್ಲ, ಅಷ್ಟು ದೊಡ್ಡ ಹೆಸರೂ ಇರಲಿಲ್ಲ. ಇದ್ದದ್ದು ಹಳೇ ಗಿರಾಕಿಗಳು. ಅವರ ಪ್ರೋಗ್ರಾಂಗಳನ್ನು ಅರ್ಧ ಅಲ್ಲ, ಪೂರ್ತಿ ಕಾಪಾಡುವ ಯಂತ್ರ ಬೇಕಿತ್ತು. ಅದನ್ನು ಕೊಟ್ಟರು. ಹತ್ತು ವರ್ಷ ಆ ಯಂತ್ರಗಳ ಮೇಲೆಯೇ ಕಂಪನಿ ನಡೆಯಿತು. ಆ ಹತ್ತು ವರ್ಷದಲ್ಲಿ ಮುಂದಿನ ದಾರಿ ಹುಡುಕಿಕೊಳ್ಳಬೇಕಿತ್ತು. ಕ್ಲಾರಿಯನ್ ರೂಪದಲ್ಲಿ ದಾರಿ ಸಿಕ್ಕಿದ್ದು ತಡವಾಗಿ. ಆ ತಡದ ಹೊಣೆಯನ್ನು ವಿನ್ಯಾಸ ಮಾಡಿದ ವಾಲಕ್ ಮತ್ತು ಅವರ ಜೊತೆಗಾರರ ಮೇಲೆ ಹೊರಿಸುವುದು ನ್ಯಾಯವಲ್ಲ.